ಗೆರಟೆ ಕಾಫಿಗೆ ಎಷ್ಟು ಅಂಕ?

ಕಾಫಿಗೂ ಈಗ ಪಂಡಿತರು ಹುಟ್ಟಿದ್ದಾರೆ. ಸಂಗೀತಕ್ಕೆ, ತಾಳಮದ್ದಳೆಯ ಅರ್ಥಕ್ಕೆ ಇದ್ದ ಹಾಗೆ ಕಾಫಿಗೂ ಒಂದು ರಸಿಕವರ್ಗ ತಯಾರಾಗಿದೆ. ಅರೇಬಿಕಾ ಮೇಲೋ ರೊಬಸ್ಟಾ ಮೇಲೋ, ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜವೋ ಹಣ್ಣಿನ ಸಮೇತ ಒಣಗಿಸಿದ ಬೀಜವೋ, ಲೈಟ್ ರೋಸ್ಟೋ ಡಾರ್ಕ್ ರೋಸ್ಟೋ ಎಂದು ಗಂಟೆಗಟ್ಟಲೆ ವಾದ ನಡೆಯುತ್ತದೆ. ೧೫ ಗ್ರಾಂ ಪುಡಿಗೆ ೨೪೦ ಮಿಲಿಲೀಟರ್ ನೀರು. ತಕ್ಕಡಿ ಇಟ್ಟು ತೂಗುತ್ತಾರೆ, ಗಡಿಯಾರ ಇಟ್ಟು ಹೊಯ್ಯುತ್ತಾರೆ. ಕಾಗದದ ಸೋಸುಕದಲ್ಲಿ ಇಳಿಸಿದರೆ ಒಂದು ರುಚಿ, ಫ್ರೆಂಚ್ ಪ್ರೆಸ್ಸಿನಲ್ಲಿ ನಾಲ್ಕು ನಿಮಿಷ ನೆನೆಸಿ ಒತ್ತಿದರೆ ಇನ್ನೊಂದು ರುಚಿ, ನಮ್ಮ ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನಿಗೆ ಮತ್ತೊಂದು. ಬೆಂಗಳೂರಿನಲ್ಲಿ ಹುಟ್ಟಿದ ಈ ಚಟ ಮಂಗಳೂರಿಗೆ ಬಂತು. ಈಗ ಕೆಲಸಕ್ಕೆ ಹೋದ ಹುಡುಗರ ಚೀಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೂ ಬಂದಿಳಿಯುತ್ತಾ ಉಂಟು.

ರುಚಿ ನೋಡುವವರ ಮೇಲೆ ನಮಗೆ ಸಿಟ್ಟಿಲ್ಲ. ಗಂಜಿ ಉಣ್ಣುವವನಿಗೂ ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗುತ್ತದೆ. ಒಣಮೀನು ಸುಟ್ಟ ಹದ ಯಾವುದೆಂದು ನಮ್ಮ ಅಕ್ಕ-ತಂಗಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲಗೆ ಎಲ್ಲರಿಗೂ ಉಂಟು ಮಾರಾಯ್ರೇ. ಆದರೆ ಯಾರ ನಾಲಗೆಯನ್ನು ನಾಲಗೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾರ ನಾಲಗೆಯನ್ನು ಬರೀ ಹಸಿದ ಬಾಯಿ ಎಂದು ತಳ್ಳಿಬಿಡುತ್ತಾರೆ ಎಂಬುದು ಪ್ರಶ್ನೆ. ಈ ಪ್ರಶ್ನೆ ಹಿಡಿದುಕೊಂಡೇ ನಾವು ಕಾಫಿ ಪಂಡಿತರ ಮೇಜಿನ ಮುಂದೆ ಬಂದು ನಿಂತಿದ್ದೇವೆ. ಹೊರಗಿನ ಜಗಲಿಯಲ್ಲಿ ಅಲ್ಲ, ಮೇಜಿನ ಮುಂದೆಯೇ.

ಈ ಪಂಡಿತರ ಹತ್ತಿರ ಒಂದು ಅಂಕಪಟ್ಟಿ ಉಂಟು. ಶಾಲೆಯ ಹಾಗೆಯೇ ೧೦೦ ಅಂಕ. ಪರಿಮಳ, ರುಚಿ, ಗುಟುಕು ಇಳಿದ ಮೇಲೆ ನಾಲಗೆಯಲ್ಲಿ ನಿಲ್ಲುವ ರುಚಿ, ಹುಳಿ, ಮೈ, ಸಮತೋಲ, ಸಿಹಿ — ಹೀಗೆ ಹತ್ತು ಕಾಲಂ, ಒಂದೊಂದಕ್ಕೆ ಹತ್ತು ಅಂಕ. ದೋಷ ಕಂಡರೆ ಕಡಿತ. ೮೦ ದಾಟಿದರೆ ಅದು ಸ್ಪೆಷಾಲಿಟಿ ಕಾಫಿ. ಬೆಲೆಯೇ ಬೇರೆ, ಪೊಟ್ಟಣವೇ ಬೇರೆ, ಕುಡಿಯುವವರೂ ಬೇರೆ. ಜಗತ್ತಿನ ಕಾಫಿ ವ್ಯಾಪಾರ ಬಹುಕಾಲ ನಡೆಸಿಕೊಂಡು ಬಂದ ಈ ಪಟ್ಟಿಯ ಹತ್ತು ಕಾಲಂಗಳಲ್ಲಿ ಒಂದರ ಹೆಸರು 'ಕ್ಲೀನ್ ಕಪ್'. ಅಂದರೆ ಕಪ್ಪಿನಲ್ಲಿ ಬೇರೆ ಯಾವ ಕೆಟ್ಟ ವಾಸನೆಯೂ ಬೆರೆತಿರಬಾರದು. ಅವರ ಮಟ್ಟಿಗೆ ಅಷ್ಟೇ ಅರ್ಥ. ಆದರೆ ತುಳುನಾಡಿನಲ್ಲಿ ಹುಟ್ಟಿದ ನಾವು 'ಕ್ಲೀನ್ ಕಪ್' ಎಂಬ ಮಾತನ್ನು ಕಿವಿಯಲ್ಲಿ ಕೇಳುವುದಿಲ್ಲ, ಬೆನ್ನಿನಲ್ಲಿ ಕೇಳುತ್ತೇವೆ. ಯಾವ ಕಪ್ಪು ಕ್ಲೀನು, ಯಾರು ಮುಟ್ಟಿದರೆ ಅದು ಕ್ಲೀನಲ್ಲ ಎಂಬ ಶಾಸ್ತ್ರವನ್ನು ಈ ನೆಲದಲ್ಲಿ ನಮ್ಮ ಅಜ್ಜಂದಿರ ಮೇಲೆ ಪ್ರಯೋಗ ಮಾಡಿಯೇ ಬರೆದಿದ್ದಾರೆ.

ಇನ್ನೊಂದು ಸಂಗತಿ ಕೇಳಿ. ಕಾಫಿಗೆ ಅಂಕ ಹಾಕುವ ಕ್ರಮ ಹೇಗೆ? ಸಾಲಾಗಿ ಬಟ್ಟಲು ಇಡುತ್ತಾರೆ. ಒಂದೊಂದರಲ್ಲಿ ಅಳತೆಯ ಪುಡಿ. ಮೇಲೆ ಬಿಸಿನೀರು. ನಾಲ್ಕು ನಿಮಿಷ ಕಾದು ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಒಡೆದು ಮೂಗಿಗೆ ಹಿಡಿಯುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಚಮಚ ಅದ್ದಿ ಸುರ್ರೆಂದು ಎಳೆದು, ಚಮಚವನ್ನು ನೀರಿನಲ್ಲಿ ಜಾಲಾಡಿಸಿ, ಮುಂದಿನ ಬಟ್ಟಲಿಗೆ ಅದ್ದುತ್ತಾರೆ. ಅದೇ ಬಟ್ಟಲಿಗೆ ಹಿಂದಿನಿಂದ ಬಂದವನ ಚಮಚವೂ ಬೀಳುತ್ತದೆ. ೨೦೨೦ರಲ್ಲಿ ಕೋವಿಡ್ ಬಂದ ಮೇಲೆ ಹಲವು ಕಡೆ ಎರಡು ಚಮಚದ ಕ್ರಮ ಬಂದಿದೆ, ನಿಜ. ಆದರೆ ಅದಕ್ಕೆ ಮೊದಲು ವರ್ಷಾನುಗಟ್ಟಲೆ ಪಂಡಿತರ ಪದ್ಧತಿಯೇ ಇದು. ಬ್ರೆಜಿಲಿನವನ ಎಂಜಲು ಜಪಾನಿನವನಿಗೆ, ಜಪಾನಿನವನ ಎಂಜಲು ನಮ್ಮ ದೇಶದ ಮೇಲ್ಜಾತಿಯವನಿಗೆ. ಯಾರೂ ಗಂಗೆಯಲ್ಲಿ ಮುಳುಗಿ ಬರಲಿಲ್ಲ. ಯಾರ ಮಡಿಯೂ ಕೆಡಲಿಲ್ಲ. ಹಾಗಾದರೆ ಪರದೇಶದವನ ಎಂಜಲು ವಿದ್ಯೆಯಾಗಿ, ನಮ್ಮ ತೊಳೆದ ಲೋಟ ಮೈಲಿಗೆಯಾದದ್ದು ಯಾವ ನ್ಯಾಯ?

ಬಂಟ್ವಾಳಕ್ಕೂ ಕಾಫಿಗೂ ಏನು ಸಂಬಂಧ, ಅಲ್ಲಿ ಬೆಳೆಯುವುದು ಅಡಿಕೆ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಸಂಬಂಧ ಉಂಟು. ಬಾಬಾ ಬುಡನ್ ಯೆಮನಿನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕತೆ ಎಲ್ಲರಿಗೂ ಗೊತ್ತು. ಆ ಬೆಟ್ಟದ ಬೆಳೆ ಕಡಲು ದಾಟಬೇಕಾದರೆ ಘಟ್ಟ ಇಳಿಯಲೇಬೇಕಿತ್ತು. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಬೆಳ್ತಂಗಡಿ, ಬಂಟ್ವಾಳ — ಇದೇ ದಾರಿ. ಬಂಟ್ವಾಳ ಘಟ್ಟದ ಸರಕು ಇಳಿಯುವ ಪೇಟೆಯಾಗಿತ್ತು. ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಯ ಮೇಲೆ ಮಂಗಳೂರಿಗೆ. ಇವತ್ತು ದೋಣಿಯ ಬದಲು ಲಾರಿ, ದಾರಿ ಅದೇ. ಕಾಫಿ ಕೆಳಗೆ ಇಳಿಯಿತು, ನಮ್ಮ ಜನ ಮೇಲೆ ಹತ್ತಿದರು. ಒಂದೇ ಘಟ್ಟ, ಎರಡು ಪ್ರಯಾಣ. ಚರಿತ್ರೆ ಬರೆದವರು ಇಳಿದ ಮೂಟೆಯನ್ನು ಎಣಿಸಿದರು. ಹತ್ತಿದ ತಲೆಗಳನ್ನು ಎಣಿಸಿದವರು ಯಾರು?

೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ಕಂಪೆನಿಯ ವೈದ್ಯ ನಮ್ಮ ಸೀಮೆಯಲ್ಲಿ ತಿರುಗಾಡಿ, ಇಲ್ಲಿ ಹೊಲ ಗೇಯುವವರಲ್ಲಿ ಮಾರಿ ಕೊಳ್ಳುವ ಜೀತದಾಳುಗಳಿದ್ದುದನ್ನು ಬರೆದಿಟ್ಟ. ಮೂಲದಾಳು ಎಂದು ನಮ್ಮವರನ್ನು ಕರೆಯುತ್ತಿದ್ದರು. ಭೂಮಿಗೆ ಅಂಟಿಕೊಂಡ ಆಳು. ೧೮೪೩ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದಿತು. ಹೊಟ್ಟೆಗೆ ಮಾನ್ಯತೆ ಕೊಡಲಿಲ್ಲ. ಘಟ್ಟದ ಮೇಲೆ ಬಿಳಿಯ ದೊರೆಗಳು ಕಾಡು ಕಡಿದು ಕಾಫಿ ಹಾಕುತ್ತಿದ್ದ ಕಾಲ ಅದು. ಅವರಿಗೆ ಕೈಗಳು ಬೇಕಾಗಿದ್ದವು. ಸೇರೆಗಾರ ಬಂದ. ಮುಂಗಡ ಕೊಟ್ಟ. ಹೆಬ್ಬೆಟ್ಟು ಒತ್ತಿಸಿಕೊಂಡ. ಮುಂಗಡ ಪಡೆದವನು ಕೆಲಸ ಬಿಟ್ಟು ಓಡಿದರೆ ಅದು ಸಾಲದ ತಂಟೆಯಲ್ಲ, ಶಿಕ್ಷೆಯಾಗುವ ಅಪರಾಧ ಎಂದು ಮಾಡಲು ಬ್ರಿಟಿಷರು ೧೮೫೯ರಲ್ಲಿ ಒಂದು ಕಾಯ್ದೆಯನ್ನೇ ಇಟ್ಟುಕೊಂಡಿದ್ದರು. ಮೂಲದಾಳಿನ ಹಗ್ಗ ಬಿಚ್ಚಿ ಮುಂಗಡದ ಹಗ್ಗ ಕಟ್ಟಿದರು. ಹಗ್ಗ ಹಿಡಿದ ಕೈ ಬದಲಾಯಿತು, ಕುತ್ತಿಗೆ ಅದೇ.

ಮಲೇರಿಯಾಕ್ಕೆ ಸತ್ತವರು ಸತ್ತರು. ಉಳಿದವರು ಕೂಲಿ ಲೈನಿನಲ್ಲಿ ಉಳಿದರು. ಮಳೆಗೆ ಗೊರಬೆ ಹೊದ್ದು ಕಳೆ ತೆಗೆದರು, ಚಳಿಗೆ ನಡುಗುತ್ತಾ ಹಣ್ಣು ಕುಯ್ದರು. ಈ ಮುಂಗಡದ ಕತೆ ಮುಗಿದುಹೋದ ಹಳೇ ಕತೆ ಎಂದುಕೊಳ್ಳಬೇಡಿ. ೨೦೨೨ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ, ಪಡೆದ ಮುಂಗಡ ತೀರಿಸಿಲ್ಲವೆಂದು ದಲಿತ ಕೂಲಿಗಳನ್ನು, ಅವರಲ್ಲಿ ಒಬ್ಬ ಗರ್ಭಿಣಿಯನ್ನೂ, ಕೂಡಿಹಾಕಿದರೆಂಬ ದೂರಿನ ಮೇಲೆ ಪೊಲೀಸರು ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಿಸಿದರು. ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ. ೧೮೫೯ ಎಲ್ಲಿ, ೨೦೨೨ ಎಲ್ಲಿ! ನಡುವೆ ೧೬೩ ವರ್ಷ. ಕಾಫಿಯ ತಳಿ ಬದಲಾಯಿತು, ಹುರಿಯುವ ಯಂತ್ರ ಬದಲಾಯಿತು, ಸೋಸುವ ಕಾಗದ ಬದಲಾಯಿತು. ಬೀಗ ಬದಲಾಗಲಿಲ್ಲ.

ಈಗ ಗೆರಟೆಗೆ ಬರೋಣ.

ನಮ್ಮ ಜಿಲ್ಲೆಯ ಹೋಟೆಲು ಲೋಕಪ್ರಸಿದ್ಧ. ಮುಂಬಯಿಯಿಂದ ಮದರಾಸಿನವರೆಗೆ ಜನರಿಗೆ ಲೋಟ-ಬಟ್ಟಲಿನಲ್ಲಿ ಕಾಫಿ ಕುಡಿಸಿದ ಕೀರ್ತಿ ಉಡುಪಿ ಕಡೆಯ ಹೋಟೆಲುಗಳಿಗೆ ಸೇರಬೇಕು. ಸೇರಲಿ. ಅದೇ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಒಳಕೋಣೆ, ಉಳಿದ ಸವರ್ಣೀಯರಿಗೆ ಹೊರಕೋಣೆ. ನಮಗೆ? ಹಿತ್ತಿಲು. ಹಿತ್ತಿಲಿನಲ್ಲಿ ಗೋಡೆಗೆ ಒರಗಿಸಿಟ್ಟ, ಇಲ್ಲವೇ ಮರದ ಕೊಂಬೆಗೆ ಸಿಕ್ಕಿಸಿಟ್ಟ ತೆಂಗಿನ ಗೆರಟೆ. ಮೇಲಿನಿಂದ ಧಾರೆ ಹೊಯ್ದ ಹಾಗೆ ಕಾಫಿ ಹೊಯ್ಯುವುದು. ಕುಡಿದ ಮೇಲೆ ನಾವೇ ತೊಳೆದು ಅಲ್ಲೇ ಇಟ್ಟು ಬರುವುದು. ಕಾಸನ್ನು ಕೈಗೆ ಕೊಡುವ ಹಾಗಿಲ್ಲ, ನೆಲದ ಮೇಲೆ ಇಡಬೇಕು. ಮಜಾ ನೋಡಿ: ಕಾಸಿಗೆ ಮೈಲಿಗೆ ಇಲ್ಲ! ಮುಗೇರ, ಮುಂಡಾಲ, ಮನ್ಸ, ಬಾಕುಡ, ಕೊರಗ — ಯಾರ ಮನೆಯ ಹಿರಿಯರನ್ನು ಬೇಕಾದರೂ ಕೂರಿಸಿ ಕೇಳಿ. ಕಾಫಿಯ ರುಚಿ ಹೇಗಿತ್ತು ಎಂದು ಕೇಳಿದರೆ ಅವರು ಗೆರಟೆಯ ಬಗ್ಗೆ ಹೇಳುತ್ತಾರೆ. ಹುಳಿಯ ಬಗ್ಗೆ ಅಲ್ಲ, ಹುರಿದ ಹದದ ಬಗ್ಗೆ ಅಲ್ಲ.

ಪಂಡಿತರೇ, ಕಾಫಿಯ ರುಚಿ ಪಾತ್ರೆಯಿಂದ ಬದಲಾಗುತ್ತದೆ ಎಂದು ನೀವೇ ಹೇಳುತ್ತೀರಿ. ಪಿಂಗಾಣಿ ಬಟ್ಟಲಿನಲ್ಲಿ ಒಂದು, ಗಾಜಿನಲ್ಲಿ ಇನ್ನೊಂದು, ಸ್ಟೀಲಿನಲ್ಲಿ ಮತ್ತೊಂದು ಎನ್ನುತ್ತೀರಿ. ಗೆರಟೆಯಲ್ಲಿ ಹೇಗಿರುತ್ತದೆ? ಅದಕ್ಕೆ ಎಷ್ಟು ಅಂಕ? ಹತ್ತರಲ್ಲಿ ಎಷ್ಟು ಕಡಿಯುತ್ತೀರಿ? ಕಡಿದ ಅಂಕವನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ನೀರಿನಿಂದಲೇ ಶುರುವಾದ ಜಗಳ ಇದು. ೧೯೨೭ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯಿಂದ ಬೊಗಸೆ ನೀರು ಎತ್ತಿ ಕುಡಿದರು. ಆ ನೀರಿನ ರುಚಿ ಸಿಹಿಯೋ ಸಪ್ಪೆಯೋ ಎಂದು ಯಾರೂ ಕೇಳಲಿಲ್ಲ; ಮುಟ್ಟಿದ ಕೈ ಯಾರದು ಎಂದು ಕೇಳಿದರು, ಆಮೇಲೆ ಕೆರೆಗೆ ಸಗಣಿ ಗಂಜಲ ಸುರಿದು ಶುದ್ಧಿ ಮಾಡಿಕೊಂಡರು. ೧೯೫೭ರಲ್ಲಿ ಮದರಾಸಿನ ಮುರಳಿ ಕೆಫೆಯ ಫಲಕದ ಮೇಲಿದ್ದ 'ಬ್ರಾಹ್ಮಣ' ಎಂಬ ಶಬ್ದ ಅಳಿಸಬೇಕೆಂದು ಪೆರಿಯಾರರ ಕಾರ್ಯಕರ್ತರು ತಿಂಗಳುಗಟ್ಟಲೆ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅಷ್ಟು ಹೊತ್ತಿಗೆ ಸಂವಿಧಾನ ಬಂದು ಏಳು ವರ್ಷ ಆಗಿತ್ತು. ೧೭ನೆಯ ವಿಧಿ ಅಸ್ಪೃಶ್ಯತೆ ರದ್ದು ಎಂದಿತ್ತು. ೧೫ನೆಯ ವಿಧಿ ಹೋಟೆಲಿಗೆ ಹೋಗಲು ಯಾರನ್ನೂ ತಡೆಯುವ ಹಾಗಿಲ್ಲ ಎಂದಿತ್ತು. ೧೯೫೫ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಹೋಟೆಲಿನ ಲೋಟ-ತಟ್ಟೆ ಬಳಸಲು ಬಿಡದಿರುವುದೂ ಅಪರಾಧ ಎಂದಿತ್ತು. ೧೯೭೬ರಲ್ಲಿ ಅದನ್ನೇ ಬಿಗಿಗೊಳಿಸಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಎಂದರು. ೧೯೮೯ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಒಂದು ಲೋಟ ಕಾಫಿಗೆ ಎಷ್ಟು ಕಾಯ್ದೆ ಬೇಕಾಯಿತು ನೋಡಿ! ಯಾವ ದೇಶದ ಕಾಫಿ ಇಷ್ಟು ದುಬಾರಿ?

ಈಗ ಗೆರಟೆ ಇಲ್ಲ, ಈಗೆಲ್ಲ ಸರಿಯಾಗಿದೆ ಎನ್ನುವವರು ಉಂಟು. ಪೇಟೆಯ ಹೋಟೆಲಿನಲ್ಲಿ ಗೆರಟೆ ಇಲ್ಲ, ಒಪ್ಪಿದೆವು. ಅದು ದಯೆಯಿಂದ ಹೋದದ್ದಲ್ಲ. ನಮ್ಮವರು ಗುಂಪು ಕಟ್ಟಿಕೊಂಡು ಒಳಗೆ ಹೋಗಿ ಕುಳಿತದ್ದರಿಂದ ಹೋಯಿತು. ಪೇಟೆಯಲ್ಲಿ ಯಾರು ಯಾರೆಂದು ಗುರುತು ಹತ್ತದ್ದರಿಂದಲೂ ಹೋಯಿತು. ಆದರೆ ಬಿ.ಸಿ. ರೋಡಿನಿಂದ, ಗುರುವಾಯನಕೆರೆಯಿಂದ ಬಸ್ಸಿಳಿದು ನಾಲ್ಕು ಮೈಲು ಒಳಗೆ ನಡೆಯಿರಿ. ಅಡಿಕೆ ಸುಲಿಯಲು ಹೋದವರಿಗೆ ಕಾಫಿ ಎಲ್ಲಿ ಕೊಡುತ್ತಾರೆ, ಯಾವುದರಲ್ಲಿ ಕೊಡುತ್ತಾರೆ ನೋಡಿ. ಅಂಗಳದ ಬದಿಯಲ್ಲಿ, ಕೊಟ್ಟಿಗೆಯ ಗೂಡಿನಲ್ಲಿ ಬೇರೆಯೇ ಇಟ್ಟ ಸ್ಟೀಲಿನ ಲೋಟ ಕಾಣುವ ಮನೆಗಳು ಇನ್ನೂ ಉಂಟು. ಅದರ ಮೇಲೆ ಹೆಸರು ಬರೆದಿಲ್ಲ. ಬರೆಯಬೇಕಾಗಿಲ್ಲ. ರಾತ್ರಿಯೆಲ್ಲ ದೈವವಾಗಿ ನಿಂತು ಊರಿಗೆ ಅಭಯ ಕೊಟ್ಟವನಿಗೆ ಬೆಳಗಾದ ಮೇಲೆ ಕಾಫಿ ಅಂಗಳದಲ್ಲೇ. ರಾತ್ರಿ ಕೈ ಮುಗಿದವರೇ ಬೆಳಿಗ್ಗೆ ಎತ್ತರದಿಂದ ಹೊಯ್ಯುತ್ತಾರೆ.

ಕೆಲವರು ಇನ್ನೂ ಬುದ್ಧಿವಂತರು. ಅವರು ಪೇಪರ್ ಲೋಟ ತಂದಿಟ್ಟಿದ್ದಾರೆ. ಆಹಾ, ಎಂಥ ಆಧುನಿಕತೆ! ಮನೆಯವರಿಗೆ, ನೆಂಟರಿಗೆ ಸ್ಟೀಲ್ ಲೋಟ. ಕೆಲಸಕ್ಕೆ ಬಂದವರಿಗೆ ಪೇಪರ್ ಲೋಟ. ಶುಚಿತ್ವಕ್ಕೆ ಮಾರಾಯ್ರೇ, ತೊಳೆಯುವ ಕೆಲಸ ಉಳಿಯಿತಲ್ಲ ಎನ್ನುತ್ತಾರೆ. ಹೌದು, ಉಳಿಯಿತು. ಗೆರಟೆಯನ್ನು ತೊಳೆದಿಡುವ ಕೆಲಸ ನಮಗೆ ಉಳಿಯಿತು, ಎರಡನೇ ಲೋಟ ಇಟ್ಟ ಅಪರಾಧ ಅವರಿಗೆ ಉಳಿಯಿತು. ಕುಡಿದು ಬಿಸಾಡಿದ ಮೇಲೆ ಸಾಕ್ಷಿಯೂ ಇಲ್ಲ. ಯಾವ ಇನ್ಸ್‌ಪೆಕ್ಟರು ಬಂದು ಎಂತದ್ದನ್ನು ಜಪ್ತಿ ಮಾಡುವುದು? ಹಾಗೆಂದು ಪೇಪರ್ ಲೋಟ ಹಿಡಿದವರೆಲ್ಲ ಜಾತಿವಾದಿಗಳು ಎಂದು ನಾವು ಹೇಳುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಯಾರಿಗೆ ಸ್ಟೀಲು, ಯಾರಿಗೆ ಕಾಗದ ಎಂದು ನೋಡಿದರೆ ಸಾಕು. ಉತ್ತರ ಲೋಟವೇ ಹೇಳುತ್ತದೆ.

ರುಚಿಯ ಮಾತು ಬಂದದ್ದಕ್ಕೆ ಇನ್ನೊಂದು ಕಾಯ್ದೆಯನ್ನೂ ನೆನಪು ಮಾಡಬೇಕಾಗಿದೆ. ೨೦೦೦ನೆಯ ಇಸವಿಯಲ್ಲಿ ಕರ್ನಾಟಕ ಸರಕಾರ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಮಾಡಿತು. ಅದರಲ್ಲಿ ಏನೇನು ನಿಷೇಧ ಎಂದು ಬರೆದಿದ್ದಾರೆ ಗೊತ್ತೇ? ಅನ್ನದಲ್ಲಿ ಕೂದಲು, ಉಗುರು, ತಿನ್ನಲಾಗದ್ದನ್ನು ಬೆರೆಸಿ ಕೊರಗರಿಗೆ ತಿನ್ನಿಸುವುದು ನಿಷೇಧ. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು ನಿಷೇಧ. ಮನುಷ್ಯರು ಚಂದ್ರನ ಮೇಲೆ ಕಾಲಿಟ್ಟು ೩೧ ವರ್ಷ ಆದ ಮೇಲೆ, ನಮ್ಮ ಕರಾವಳಿಗಾಗಿ ಒಂದು ಸರಕಾರ ಹೀಗೆ ಬರೆಯಬೇಕಾಯಿತು. ಬೇರೆಯವರ ರೋಗ, ಪೀಡೆ, ಅನಿಷ್ಟವೆಲ್ಲ ಆ ತುತ್ತಿನ ಜೊತೆ ಕೊರಗರ ಹೊಟ್ಟೆಗೆ ಹೋಗಲಿ ಎಂಬ ನಂಬಿಕೆ. ಭತ್ತ ಹೊರುವ, ಅಡಿಕೆ ಹೊರುವ ಬುಟ್ಟಿಗಳನ್ನು ಹೆಣೆದುಕೊಟ್ಟ ಕೈಗೆ ಊರು ಕೊಟ್ಟ ಊಟ ಅದು. ಹೀಗಿರುವ ನೆಲದಲ್ಲಿ ನಿಂತು 'ನನ್ನ ಕಪ್ಪಿನಲ್ಲಿ ಮಲ್ಲಿಗೆಯ ಛಾಯೆ ಇದೆ, ಕಿತ್ತಳೆಯ ಛಾಯೆ ಇದೆ' ಎಂದು ಕಣ್ಣು ಮುಚ್ಚಿ ಹೇಳುವವರೇ, ಒಮ್ಮೆ ಕಣ್ಣು ತೆರೆದು ಹೇಳಿ. ಕಪ್ಪಿನಲ್ಲಿ ಇನ್ಯಾರ ಛಾಯೆ ಇದೆ?

ಕಾಫಿ ಪಂಡಿತರು ಒಂದು ನಿಜ ಹೇಳುತ್ತಾರೆ. ಬೀಜವನ್ನು ಕಪ್ಪಗೆ ಹುರಿದರೆ ಕಹಿ ಮುಂದೆ ಬಂದು ಬೀಜದ ದೋಷಗಳೆಲ್ಲ ಮುಚ್ಚಿಹೋಗುತ್ತವೆ. ತಿಳಿಯಾಗಿ ಹುರಿದರೆ ಬೀಜದ ಗುಣವೂ ದೋಷವೂ ಎರಡೂ ಬಯಲಾಗುತ್ತವೆ. ನಾವು ಒಪ್ಪುತ್ತೇವೆ. ನಮ್ಮದೂ ಅದೇ ಬೇಡಿಕೆ. ಪರಂಪರೆ, ಸಂಸ್ಕೃತಿ, ಮಲೆನಾಡಿನ ಮಂಜು, ತೋಟದ ಬಂಗಲೆಯ ಸೊಬಗು ಎಂಬ ಬೆಂಕಿಯಲ್ಲಿ ಈ ಕಾಫಿಯ ಚರಿತ್ರೆಯನ್ನು ಕಪ್ಪಗೆ ಹುರಿದಿಟ್ಟಿದ್ದೀರಿ. ಸ್ವಲ್ಪ ತಿಳಿಯಾಗಿ ಹುರಿಯಿರಿ. ಏನೇನು ದೋಷ ಹೊರಗೆ ಬರುತ್ತದೋ ಬರಲಿ.

ರುಚಿ ಎಲ್ಲಿಂದ ಬರುತ್ತದೆ? ಹುರಿಯುವವನ ಯಂತ್ರದಿಂದಲೋ, ಹೊಯ್ಯುವವನ ಕೈಚಳಕದಿಂದಲೋ ಮಾತ್ರ ಬರುವುದಲ್ಲ. ಒಂದೇ ಗೊಂಚಲಿನಲ್ಲಿ ಹಸುರು ಕಾಯಿ, ಅರೆಹಣ್ಣು, ಕೆಂಪು ಹಣ್ಣು ಮೂರೂ ಇರುತ್ತವೆ. ಕೆಂಪನ್ನು ಮಾತ್ರ ಬೆರಳಿನಲ್ಲಿ ಬಿಡಿಸಿ ಹಸುರನ್ನು ಉಳಿಸಬೇಕು. ಅದೇ ಗಿಡಕ್ಕೆ ಎರಡು-ಮೂರು ಸಲ ಬರಬೇಕು. ಹಸುರು ಬೆರೆತರೆ ಒಗರು, ಕೊಳೆತದ್ದು ಬೆರೆತರೆ ನಾತ. ಆರಿಸುವ ಹೆಂಗಸಿನ ಕಣ್ಣಿಗೆ, ಬೆರಳಿಗೆ ಈ ವಿದ್ಯೆ ಉಂಟು. ಕಣದಲ್ಲಿ ಒಣಗಲು ಹಾಕಿದ್ದನ್ನು ಹೊತ್ತುಹೊತ್ತಿಗೆ ಕೈಯಾಡಿಸಿ, ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವವರಿಗೆ, ಬೀಜ ಕಚ್ಚಿ ನೋಡಿ ಒಣಗಿತೋ ಇಲ್ಲವೋ ಹೇಳುವವರಿಗೆ ಈ ವಿದ್ಯೆ ಉಂಟು. ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಪ್ಪು ಬೀಜ, ಒಡಕು ಬೀಜವನ್ನು ಆರಿಸಿ ತೆಗೆದ ಸಾವಿರಾರು ಹೆಂಗಸರ ಬೆರಳುಗಳಿಗೆ ಈ ವಿದ್ಯೆ ಇತ್ತು. ಅವರ ವಿದ್ಯೆಗೆ ದಿನಗೂಲಿ, ಪಂಡಿತರ ವಿದ್ಯೆಗೆ ಸರ್ಟಿಫಿಕೇಟು. ಇದು ವರ್ಣಾಶ್ರಮ ಅಲ್ಲದೆ ಇನ್ನೇನು? ಕೈಯಲ್ಲಿ ತಿಳಿದದ್ದು ಕೂಲಿ, ಬಾಯಲ್ಲಿ ಹೇಳಿದ್ದು ಜ್ಞಾನ!

ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯನ್ನು ನೋಡಿ. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಸಾಗುವಾಗ ಕಡಲಿನ ತೇವ ಹೀರಿ ಬೀಜ ಊದಿ ಹಳದಿಯಾಗುತ್ತಿತ್ತು. ಅಲ್ಲಿಯ ದೊರೆಗಳ ನಾಲಗೆಗೆ ಅದೇ ಅಭ್ಯಾಸವಾಯಿತು. ಉಗಿಹಡಗು ಬಂದು, ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾದ ಮೇಲೆ ಆ ರುಚಿ ತಪ್ಪಿಹೋಯಿತು. ಆಗ ನಮ್ಮ ಪಡುಕರಾವಳಿಯ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿಗೆ ಬೀಜ ಹರವಿ, ಕೈಯಾಡಿಸಿ, ಗೋಣಿಗೆ ತುಂಬಿ, ಗೋಣಿ ಮಗುಚಿ, ಮತ್ತೆ ಸುರಿದು ಆ ರುಚಿಯನ್ನು ಮತ್ತೆ ಹುಟ್ಟಿಸಿದರು. ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ೨೦೧೯ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗಿನ ಅರೇಬಿಕಾಗಳಿಗೂ ಅದೇ ಮಾನ್ಯತೆ ಬಂತು. ಮಳೆಗೆ ಗುರುತು ಸಿಕ್ಕಿತು, ಗಾಳಿಗೆ ಸಿಕ್ಕಿತು, ಬೆಟ್ಟಕ್ಕೆ ಸಿಕ್ಕಿತು. ಗೋಣಿ ಮಗುಚಿದವರ ಗುರುತು ಎಲ್ಲಿ? ಅದೇ ಮಳೆ ಅವರ ಕಾಲನಿಯ ಮಾಡಿನಲ್ಲಿ ಸೋರುತ್ತದೆ. ಆ ಸೋರಿಕೆಗೆ ಯಾವ ದೇಶದಲ್ಲೂ ಗಿರಾಕಿ ಇಲ್ಲ.

ತಳಿಗಳಿಗೆ ಹೆಸರಿಟ್ಟ ರೀತಿಯೂ ಇದೇ. ಎಲೆ ತುಕ್ಕುರೋಗಕ್ಕೆ ತಡೆಯುವ ಗಿಡವನ್ನು ಮೂಡಿಗೆರೆ ಕಡೆಯ ತೋಟದಲ್ಲಿ ಗುರುತಿಸಿದ ಬಿಳಿಯ ಪ್ಲಾಂಟರನ ಹೆಸರಿನಲ್ಲಿ 'ಕೆಂಟ್ಸ್' ಎಂಬ ತಳಿಯೇ ಉಳಿದಿದೆ. ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಸಂಶೋಧನಾ ಕೇಂದ್ರದಿಂದ ಎಸ್. ೭೯೫ ಬಂತು, ಅದಕ್ಕೆ ನಂಬರಾದರೂ ಉಂಟು. ಆ ಗಿಡಗಳಿಗೆ ಗುಂಡಿ ತೋಡಿದವರಿಗೆ ಹಾಜರಿ ಪು‌ಸ್ತಕದ ಆಚೆಗೆ ಹೆಸರೂ ಇಲ್ಲ, ನಂಬರೂ ಇಲ್ಲ.

ಇನ್ನು ನೆಲದ ಮಾತು. ೧೯೭೪ರಲ್ಲಿ ಭೂಸುಧಾರಣೆ ಬಂತು. ಕರಾವಳಿಯಲ್ಲಿ ಗೇಣಿದಾರರು ಒಡೆಯರಾದರು. ಒಳ್ಳೆಯದೇ ಆಯಿತು. ಆದರೆ ಮೂಲದಾಳಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಗೇಯುವವನು ಅವನೇ ಆದರೂ ಗೇಣಿದಾರ ಅವನಲ್ಲ. ಒಕ್ಕಲು ಒಡೆಯನಾದ, ಆಳು ಆಳಾಗಿಯೇ ಉಳಿದ. ಘಟ್ಟದ ಮೇಲೆ ಅದೂ ಆಗಲಿಲ್ಲ. ಕಾಫಿ, ಏಲಕ್ಕಿ, ಚಹಾ, ರಬ್ಬರ್, ಮೆಣಸಿನ ತೋಟಗಳಿಗೆ ಭೂಮಿತಿಯೇ ಅನ್ವಯಿಸದಂತೆ ಅದೇ ಕಾಯ್ದೆಯಲ್ಲಿ ಕಿಂಡಿ ಇಟ್ಟರು. ೨೦೨೨-೨೩ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ಸರಕಾರಿ ಜಮೀನನ್ನು ಒತ್ತುವರಿ ಮಾಡಿ ತೋಟ ಎಬ್ಬಿಸಿದವರಿಗೆ ೨೫ ಎಕರೆಯವರೆಗೆ ೩೦ ವರ್ಷದ ಗುತ್ತಿಗೆ. ಇತ್ತ ಬಂಟ್ವಾಳ, ಬೆಳ್ತಂಗಡಿಯಲ್ಲಿ ನಮ್ಮ ಜನ ಡಿ.ಸಿ. ಮನ್ನಾ ಜಾಗಕ್ಕಾಗಿ, ಐದು ಸೆಂಟ್ಸಿಗಾಗಿ ಅರ್ಜಿ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿದ್ದಾರೆ. ಐದು ಸೆಂಟ್ಸ್ ಕೇಳಿದರೆ ಸರ್ವೆ ಆಗಬೇಕು, ದಾಖಲೆ ಬೇಕು, ಅರಣ್ಯದ ತಕರಾರು ಉಂಟು. ೨೫ ಎಕರೆಗೆ ಕಾಯ್ದೆಯೇ ಬಗ್ಗಿ ನಿಲ್ಲುತ್ತದೆ. ಕಾಫಿಗೆ ಇರುವ ಪರಿಮಳ ಮನುಷ್ಯನ ಬೆವರಿಗೆ ಇಲ್ಲವಲ್ಲ!

ಬೆಳೆಗಾರರಿಗೂ ಕಷ್ಟ ಉಂಟು ಎನ್ನುತ್ತಾರೆ. ಉಂಟು. ಸಣ್ಣ ಹಿಡುವಳಿಯವರು ಅಕಾಲದ ಮಳೆಗೆ, ಕಾಂಡಕೊರಕಕ್ಕೆ, ಬೆಲೆಯ ಏರಿಳಿತಕ್ಕೆ ಸಿಕ್ಕಿ ನರಳಿದ್ದನ್ನು ನಾವು ಕಂಡಿದ್ದೇವೆ. ಕಾಫಿ ಬೆಲೆ ನ್ಯೂಯಾರ್ಕಿನಲ್ಲಿ, ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ, ಅದೂ ಗೊತ್ತು. ಹಾಗಾದರೆ ಲೆಕ್ಕ ಕೇಳೋಣ. ೨೦೨೫ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಬೆಲೆ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆಯಿತು. ಬೆಲೆ ಇಳಿದಾಗ ಕೂಲಿ ಏರಿಸಲು ಆಗುವುದಿಲ್ಲ ಎಂದಿರಿ. ಬೆಲೆ ಏರಿದಾಗ ಕೂಲಿ ಅದೇ ಲೆಕ್ಕದಲ್ಲಿ ಏರಿತೇ? ನಮ್ಮವರ ಮಕ್ಕಳು ಶಾಲೆ ಕಲಿತು ಘಟ್ಟ ಹತ್ತುವುದನ್ನು ಬಿಟ್ಟರು. ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ರೈಲು ಹತ್ತಿಸಿ ತರುತ್ತಾರೆ. ಲೈನಿನ ಬಾಗಿಲಲ್ಲಿ ಭಾಷೆ ಬದಲಾಗಿದೆ. ಒಳಗೆ ಹೋಗಿ ನೋಡಿದರೆ ಅದೇ ಹೊಗೆ, ಅದೇ ಚಾಪೆ.

ಸ್ಪೆಷಾಲಿಟಿ ಕಾಫಿಯವರು ಹೇಳುತ್ತಾರೆ: ನಾವು ಹಾಗಲ್ಲ, ನಾವು ಬೆಳೆಗಾರನಿಗೆ ಹೆಚ್ಚು ಬೆಲೆ ಕೊಡುತ್ತೇವೆ, ಬೀಜ ಎಲ್ಲಿಂದ ಬಂತೆಂದು ಪೊಟ್ಟಣದ ಮೇಲೆಯೇ ಬರೆಯುತ್ತೇವೆ. ಬರೆಯುತ್ತೀರಿ, ನೋಡಿದ್ದೇವೆ. ತೋಟದ ಹೆಸರು ಉಂಟು. ಸಮುದ್ರಮಟ್ಟದಿಂದ ಎಷ್ಟು ಎತ್ತರ ಉಂಟು. ತಳಿ ಉಂಟು. ಹುರಿದ ತಾರೀಕು ಉಂಟು. ಅಂಕ ಹಾಕುವ ಹೊಸ ಕ್ರಮದಲ್ಲಿ ಊರು, ಬೆಳೆಗಾರ, ಪ್ರಮಾಣಪತ್ರಗಳನ್ನು ಬರೆಯಲೂ ಒಂದು ಹಾಳೆ ಸೇರಿಸಿದ್ದಾರಂತೆ. ಬೆಟ್ಟದ ಎತ್ತರ ಅಳೆದು ಬರೆಯುವವರಿಗೆ ಹಣ್ಣು ಕುಯ್ದವಳ ದಿನಗೂಲಿ ಬರೆಯಲು ಎಷ್ಟು ಶಾಯಿ ಬೇಕು? ಹುರಿದ ತಾರೀಕು ಬರೆಯುವವರು ಕೂಲಿ ಬಟವಾಡೆಯಾದ ತಾರೀಕು ಬರೆಯಲಿ. ೧೯೫೧ರ ತೋಟ ಕಾರ್ಮಿಕರ ಕಾಯ್ದೆ ಕೂಲಿಗಳಿಗೆ ಮನೆ, ಕುಡಿಯುವ ನೀರು, ಕಕ್ಕಸು, ಆಸ್ಪತ್ರೆ, ಶಿಶುಮಂದಿರ ಕೊಡಬೇಕೆಂದು ಹೇಳಿತ್ತು. ಆ ತೋಟದಲ್ಲಿ ಅದು ಉಂಟೋ ಇಲ್ಲವೋ, ಅದನ್ನೂ ಬರೆಯಲಿ. ಆಮೇಲೆ ಮಲ್ಲಿಗೆ, ಕಿತ್ತಳೆ, ಚಾಕಲೇಟು ಎಷ್ಟು ಬೇಕಾದರೂ ಬರೆಯಲಿ.

ಇಷ್ಟೆಲ್ಲ ಆದ ಮೇಲೆ ಇವರು ನಮ್ಮ ಕಾಫಿಯನ್ನು ನೋಡಿ ಮೂಗು ಮುರಿಯುತ್ತಾರೆ. ಬೆಲ್ಲ ಹಾಕಿ ಮಡಕೆಯಲ್ಲಿ ಕುದಿಸಿ, ಚರಟ ಕೆಳಗೆ ಕೂತ ಮೇಲೆ ಬಗ್ಗಿಸಿ ಕುಡಿಯುವ ಕಾಫಿ ನಮ್ಮದು. ಚಿಕೋರಿ ಬೆರೆತ ಅಗ್ಗದ ಪುಡಿ ನಮ್ಮದು. ಕಾಯ್ದೆಯ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇಕಡಾ ೪೯ರವರೆಗೆ ಚಿಕೋರಿ ಇರಬಹುದು. ಅಂದರೆ ಅರ್ಧ ಲೋಟ ಕಾಫಿ, ಅರ್ಧ ಲೋಟ ಬೇರು. ಅದು ನಮ್ಮ ನಾಲಗೆಯ ಕೀಳುತನವೇ? ದೇಶದ ಕಾಫಿಯಲ್ಲಿ ಶೇಕಡಾ ೭೦ರಷ್ಟು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತಿ ಹೊರಗೆ ಹೋಗುತ್ತದೆ. ದಪ್ಪ ಬೀಜ, ಒಂದೇ ಅಳತೆಯ ಬೀಜ ಕಡಲಾಚೆಗೆ. ಕಪ್ಪು ಬೀಜ, ಕಂದು ಬೀಜ, ಒಡಕು ಚೂರುಗಳಿಗೆ ಬೇರೆಯೇ ದರ್ಜೆ, ಅದು ಅಗ್ಗದ ಪುಡಿಗೆ. ಕುಯ್ದವರಿಗೆ ಚೂರು, ಕುಡಿಯುವವರಿಗೆ ಇಡೀ ಬೀಜ. ಆಮೇಲೆ ನಿಮಗೆ ರುಚಿ ಗೊತ್ತಿಲ್ಲ ಎಂಬ ಸರ್ಟಿಫಿಕೇಟು ಬೇರೆ. ಇವತ್ತಲ್ಲ ನಾಳೆ ಅದೇ ಬೆಲ್ಲದ ಕಾಫಿಯನ್ನು ಮಣ್ಣಿನ ಕುಡಿಕೆಯಲ್ಲಿ ಹೊಯ್ದು 'ಪಾರಂಪರಿಕ' ಎಂದು ಹೆಸರಿಟ್ಟು ನೂರೈವತ್ತು ರೂಪಾಯಿಗೆ ಮಾರುತ್ತಾರೆ. ಗೆರಟೆಯನ್ನೂ ಪಾಲಿಶ್ ಮಾಡಿ ಪರಿಸರಸ್ನೇಹಿ ಎಂದು ಮೇಜಿನ ಮೇಲೆ ಇಡುತ್ತಾರೆ. ನಮ್ಮ ಅವಮಾನವನ್ನು ಅಲಂಕಾರ ಮಾಡಿ ಮಾರಲು ಹೊರಟರೆ ಅದಕ್ಕೆ ನಮ್ಮ ಅನುಮತಿ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕಾಫಿ ಬಿಡಬೇಕೇ? ಬೇಡ. ನಮ್ಮವರು ಬೆವರು ಸುರಿಸಿ ಬೆಳೆದದ್ದನ್ನು ನಾವು ಯಾಕೆ ಬಿಡಬೇಕು? ನಮ್ಮ ಹುಡುಗರು, ಹುಡುಗಿಯರು ಈ ವಿದ್ಯೆಯನ್ನೂ ಕಲಿಯಲಿ. ಬೀಜ ಗುರುತಿಸಲಿ, ಹುರಿಯಲಿ, ಅಂಕ ಹಾಕುವ ಮೇಜಿನಲ್ಲಿ ಚಮಚ ಹಿಡಿದು ಕೂರಲಿ. ನಮ್ಮ ಅಜ್ಜಿಯ ಬೆರಳಿಗೆ ಗೊತ್ತಿದ್ದದ್ದು ನಮ್ಮ ಮಕ್ಕಳ ನಾಲಗೆಗೆ ಬರಲಾರದೇ? ೧೯೫೭ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಹಾಕಿದಾಗ, ಎ. ಕೆ. ಗೋಪಾಲನ್ ಅವರ ಮಾತಿನಂತೆ ಆ ನೌಕರರೇ ಸಹಕಾರ ಸಂಘ ಕಟ್ಟಿ ಇಂಡಿಯನ್ ಕಾಫಿ ಹೌಸ್ ನಡೆಸಿದರು. ಬೆಂಗಳೂರಿನಲ್ಲೂ ನಡೆಸಿದರು. ಲೋಟ ತೊಳೆಯುತ್ತಿದ್ದವರು ಲೆಕ್ಕ ಬರೆದರು. ನಮಗೆ ದಾರಿ ಇಲ್ಲದೆ ಇಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನಿಮಗೊಂದು ಮಾತು. ಶಾಲೆಯಲ್ಲಿ ಸಮಾಜ ಪಾಠ ಮಾಡುವಾಗ ೧೭ನೆಯ ವಿಧಿಯನ್ನು ಬಾಯಿಪಾಠ ಮಾಡಿಸಿ ಬಿಡಬೇಡಿ. ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬಂದವರಿಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತಾರೆ ಎಂದು ಮಕ್ಕಳನ್ನು ನೋಡಿಕೊಂಡು ಬರಲು ಹೇಳಿ. ಮಕ್ಕಳು ಸುಳ್ಳು ಹೇಳುವುದಿಲ್ಲ. ವಿದ್ಯಾರ್ಥಿಗಳೇ, ಮಾರ್ಕಿಗಾಗಿ ಎಷ್ಟೋ ಸರ್ವೆ ಮಾಡುತ್ತೀರಿ. ಒಂದು ಗ್ರಾಮದ ಲೋಟಗಳ ಸರ್ವೆ ಮಾಡಿ. ಹೋಟೆಲು, ಮನೆ, ದೈವಸ್ಥಾನದ ಅಂಗಳ, ಮದುವೆಯ ಚಪ್ಪರ — ಎಲ್ಲಿ ಎಷ್ಟು ಬಗೆಯ ಲೋಟ, ಯಾರಿಗೆ ಯಾವುದು, ಬರೆದಿಡಿ. ಸಂಘಟನೆಯ ಗೆಳೆಯರೇ, ಎರಡನೇ ಲೋಟ ಕಂಡಲ್ಲಿ ಮೊದಲನೇ ಲೋಟವನ್ನೇ ಕೇಳಿ ಪಡೆಯಿರಿ. ಕೊಡದಿದ್ದರೆ ಠಾಣೆ ಉಂಟು, ಕಾಯ್ದೆ ಉಂಟು, ನಾವು ಉಂಟು.

ಕಾಫಿ ಪಂಡಿತರೇ, ನಿಮಗೆ ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ನಿಮ್ಮ ಅಂಕಪಟ್ಟಿಗೆ ಮೂರು ಕಾಲಂ ಸೇರಿಸಿ. ಒಂದು, ಕುಯ್ದವರ ಕೂಲಿ. ಎರಡು, ಅವರು ಮಲಗುವ ಮನೆ. ಮೂರು, ಅವರು ಕಾಫಿ ಕುಡಿಯುವ ಲೋಟ. ಈ ಮೂರರಲ್ಲಿ ಒಂದಕ್ಕೆ ಸೊನ್ನೆ ಬಂದರೂ ಆ ಕಾಫಿ ಫೇಲು. ಉಳಿದ ಕಾಲಂಗಳಲ್ಲಿ ಎಷ್ಟೇ ಬಂದಿರಲಿ, ಫೇಲು ಎಂದರೆ ಫೇಲು. ನಮ್ಮ ಮಕ್ಕಳನ್ನು ಇದೇ ನಿಯಮದಲ್ಲಿ ಫೇಲು ಮಾಡಿ ಮನೆಗೆ ಕಳಿಸಿದವರು ನೀವೇ ಅಲ್ಲವೇ? ಒಂದು ಸಬ್ಜೆಕ್ಟು ಹೋದರೆ ಇಡೀ ವರ್ಷ ಹೋಯಿತು ಎಂದು!

ನಾವೂ ಅಂಕ ಹಾಕಲು ಕಲಿಯುತ್ತಿದ್ದೇವೆ. ಲೋಟ ಒಂದೇ ಬಗೆಯದ್ದು ಇಡಿ, ಬಂದು ಕೂರುತ್ತೇವೆ.